ಕಲ್ಲಿಗೂ ಒಂದು ಸ್ಕ್ಯಾನ್

ಬಸವನಗುಡಿಯ ಓದುಗರೊಬ್ಬರು ಕೇಳಿದ್ದಾರೆ: 'ಈಗ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸುತ್ತಾರೆ. ಇದು ಸಂಶೋಧನೆಯೋ, ವಿಡಿಯೋ ಗೇಮೋ? ಕಲ್ಲನ್ನು ಮುಟ್ಟಿ ಓದಿದ ಹಿರಿಯರು ದಡ್ಡರೇ?'

ದಡ್ಡರು ಅಂದವರು ಯಾರು ಸ್ವಾಮಿ? ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲೇ ತಂದರು. ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆದವರಿಗೆಲ್ಲ ನನ್ನದೂ ಒಂದು ನಮಸ್ಕಾರ. ಆಯ್ತು, ಮುಂದಕ್ಕೆ ಹೋಗೋಣ.

ನಮ್ಮ ಸುತ್ತಲಿನ ವೀರಗಲ್ಲುಗಳನ್ನು ಹತ್ತಿರದಿಂದ ನೋಡಿದ್ದೀರಾ? ಭಕ್ತಿ ಜಾಸ್ತಿಯಾದ ಕಡೆ ಎಣ್ಣೆ, ಅರಿಶಿನ, ಅದರ ಮೇಲೊಂದು ಕೋಟ್ ಆಯಿಲ್ ಪೇಂಟ್. ಅಕ್ಷರದ ಗೆರೆಯೊಳಗೆಲ್ಲ ಬಣ್ಣ ಮೆತ್ತಿಕೊಂಡಿರುತ್ತದೆ. ಮುಟ್ಟಿದರೆ ಬೆರಳಿಗೆ ಜಿಡ್ಡು, ಅಷ್ಟೇ. ಸ್ಕ್ಯಾನರ್ ಬಣ್ಣಕ್ಕೆ ಮರುಳಾಗುವುದಿಲ್ಲ, ಉಬ್ಬುತಗ್ಗು ಅಳೆಯುತ್ತದೆ. ಆಮೇಲೆ ತೆರೆಯ ಮೇಲೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಸಾಕು. ಕೂದಲೆಳೆಯಷ್ಟು ತಗ್ಗು ಉಳಿದಿದ್ದರೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಮೊದಲು ಇದಕ್ಕೆ ಇಳಿಬಿಸಿಲಿಗೆ ಕಾಯಬೇಕಿತ್ತು.

ಮುಟ್ಟುವುದೇ ದೊಡ್ಡದು ಅನ್ನುವವರು ಇಟಲಿಯ ಪ್ರಾಚೀನ ಪಟ್ಟಣ ಹರ್ಕ್ಯುಲೇನಿಯಂನ ಸುರುಳಿಗಳ ಕಥೆ ಕೇಳಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಇದ್ದಿಲಾದ ಪುಸ್ತಕಗಳು ಅವು. ಬಿಚ್ಚಲು ಹೋಗಿ ಎಷ್ಟೋ ಪುಡಿಪುಡಿಯಾದವು. 2023ರಲ್ಲಿ ಎಕ್ಸ್‌ರೇ ಸ್ಕ್ಯಾನ್‌ಗಳ ನೆರವಿನಿಂದ, ಬಿಚ್ಚದೆಯೇ, ಒಳಗಿನ ಗ್ರೀಕ್ ಸಾಲುಗಳನ್ನು ಓದಿದರು. ಇದೂ ನಿಮ್ಮ ಲೆಕ್ಕದಲ್ಲಿ ವಿಡಿಯೋ ಗೇಮೇ, ಅಲ್ವಾ?

ದೂರ ಯಾಕೆ, ನಮ್ಮ ಹೆಬ್ಬಾಳದ ಕಿತ್ತಯ್ಯನನ್ನೇ ನೋಡಿ. ಅವನ ಹೆಸರಿನದು ಸುಮಾರು ಕ್ರಿ.ಶ. 750ರ ವೀರಗಲ್ಲು. 2018ರಲ್ಲಿ ಕಾಮಗಾರಿಗೆ ಅಗೆದಾಗ ಸಿಕ್ಕಿತು, ಆಸಕ್ತ ನಾಗರಿಕರು ಉಳಿಸಿಕೊಂಡರು. ಎಲ್ಲ ಕಲ್ಲಿಗೂ ಈ ಅದೃಷ್ಟ ಇಲ್ಲ. ರೈಸ್ ಕಾಲದಲ್ಲಿ ದಾಖಲಾದ ಎಷ್ಟೋ ಶಾಸನಗಳು ಲೇಔಟು, ರಸ್ತೆ, ಅಪಾರ್ಟ್‌ಮೆಂಟುಗಳ ನಡುವೆ ಕಳೆದೇ ಹೋಗಿವೆ. ಜೆಸಿಬಿ ಮುಂದೆ ನಿಂತು 'ತಡೀರಿ, ಮುಟ್ಟಿ ಓದಿ ಬಿಡ್ತೀವಿ' ಅಂದರೆ ಕೇಳುತ್ತಾರಾ? ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಿ ಶಾಸನಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಸುಮ್ನೆ ಅಲ್ಲ.

ನನ್ನ ತಕರಾರು ಯಂತ್ರದ ಮೇಲಲ್ಲ, ಬೀಗದ ಮೇಲೆ. ಒಮ್ಮೆ ಕಚೇರಿಯೊಂದಕ್ಕೆ ಶಾಸನಗಳ ಚಿತ್ರ ಕೇಳಿಕೊಂಡು ಹೋಗಿದ್ದೆ. 'ಹಾರ್ಡ್‌ಡಿಸ್ಕ್ ಬೀರುವಿನಲ್ಲಿದೆ, ಬೀಗದ ಕೈ ಸಾಹೇಬರ ಹತ್ತಿರ ಇದೆ, ಸಾಹೇಬರು ರಜೆ' ಅಂದರು. ಜನರ ದುಡ್ಡಿನಲ್ಲಿ ತೆಗೆದ ಚಿತ್ರ ಜನರಿಗೇ ಇಲ್ಲ! ನಿಮ್ಮ ಪೆನ್ನು ಚೂಪಾಗಿದೆ, ಕೋಪವೂ ಚೆನ್ನಾಗಿದೆ. ಅದನ್ನು ಇಂಥ ಕಚೇರಿಗಳ ಕಡೆ ತಿರುಗಿಸಿ. ಪತ್ರದ ಪ್ರತಿ ನಮಗೂ ಕಳಿಸಿ, ಹಾಕುತ್ತೇವೆ.