ಯೋಚನೆಗಳನ್ನು ತಡೆಯದೆ ಧ್ಯಾನದಲ್ಲಿ ಮನಸ್ಸು ಶಾಂತವಾಗುವುದು ಹೇಗೆ?

ತಡೆಯುವ ಕೆಲಸವನ್ನೇ ಕೈಬಿಟ್ಟಾಗ ಶಾಂತವಾಗುತ್ತದೆ. ಯೋಚನೆ ಬಂದರೆ ಬರಲಿ. ಅದರ ಬೆನ್ನು ಹತ್ತಬೇಡಿ, ಅದರೊಡನೆ ಜಗಳಕ್ಕೂ ನಿಲ್ಲಬೇಡಿ.

ತಡೆದಷ್ಟೂ ಅವು ಹೆಚ್ಚುವುದಕ್ಕೆ ಕಾರಣವಿದೆ. ಒಂದು ಯೋಚನೆ ಬರಬಾರದು ಎಂದುಕೊಂಡ ಕೂಡಲೇ, ಅದು ಬಂತೇ ಎಂದು ನೋಡಲು ಮನಸ್ಸಿನ ಒಂದು ಪಾಲು ಕಾವಲಿಗೆ ನಿಲ್ಲುತ್ತದೆ. ಯಾವುದನ್ನು ತಡೆಯಬೇಕೆಂಬುದು ಕಾವಲಿನವನಿಗೆ ನೆನಪಿರಲೇಬೇಕಲ್ಲ! ಹಾಗಾಗಿ ಬೇಡವಾದದ್ದೇ ಮತ್ತೆ ಮತ್ತೆ ನೆನಪಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಗಂಟೆ ಮತ್ತೆ ಮತ್ತೆ ಮೊಳಗಿತು. ನಮ್ಮ ವಿಜಯಪುರದ ಗೋಳಗುಮ್ಮಟದ ಮೊಗಸಾಲೆಯಲ್ಲಿ ನಿಂತು “ಸದ್ದು ಮಾಡಬೇಡಿ” ಎಂದು ಕೂಗಿದರೆ ಆ ಕೂಗೇ ಏಳೆಂಟು ಸಲ ಮರಳಿ ಬರುತ್ತದೆ, ಇದೂ ಹಾಗೆಯೇ.

ಗಮನಕ್ಕೆ ಮಾತ್ರ ಒಂದು ನೆಲೆ ಬೇಕು. ಈ ಭಾಗದಲ್ಲಿ ಇಷ್ಟಲಿಂಗ ಪೂಜೆ ಮಾಡುವವರಿಗೆ ಅಂಗೈಯ ಲಿಂಗವೇ ದೃಷ್ಟಿಗೆ ನೆಲೆ. ಉಳಿದವರಿಗೆ ಉಸಿರು ಸಾಕು: ಒಳಗೆ ಹೋಗುವಾಗ ಮೂಗಿನ ಹೊಳ್ಳೆಗೆ ತಾಗುವ ತಂಪು, ಹೊರಬರುವಾಗಿನ ಬಿಸುಪು. ನಡುವೆ ಬ್ಯಾಂಕಿನ ಸಾಲವೋ ಮಗಳ ಶುಲ್ಕವೋ ನೆನಪಾದರೆ “ಯೋಚನೆ ಬಂತು” ಎಂದು ಗುರುತಿಸಿ ಉಸಿರಿಗೆ ಮರಳಿ. ನೂರು ಸಲ ಮರಳಬೇಕಾಗಿ ಬಂದರೂ ಧ್ಯಾನ ಕೆಟ್ಟಿತೆಂದಲ್ಲ. ಯೋಚನೆ ಪೂರ್ತಿ ನಿಲ್ಲಬೇಕೆಂಬ ಹಟವೇ ಬಹಳ ಜನರನ್ನು ಅರ್ಧಕ್ಕೇ ಎಬ್ಬಿಸುತ್ತದೆ.

ಆರಂಭಕ್ಕೆ ಹತ್ತು ನಿಮಿಷ ಸಾಕು. ಕುಳಿತಾಗ ಭಯವೋ ಹಳೆಯ ಆಘಾತವೋ ತೀವ್ರವಾಗಿ ಮರುಕಳಿಸಿದರೆ ಕಣ್ಣು ತೆರೆದು ಎದ್ದುಬಿಡಿ. ಪದೇ ಪದೇ ಹಾಗಾದರೆ ಮನೋವೈದ್ಯರನ್ನು ಕಾಣಿ.