ಗಾರ್ಟರ್ ಹಾವಿಗೆ ಬಲ್ಬಿನ ಶಾಖ ಎಷ್ಟು ಬೇಕು?

ಬದಿಯಡ್ಕದ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲೂ 60 ವಾಟಿನ ಬಲ್ಬನ್ನು ಹಗಲಿಡೀ ಉರಿಸುತ್ತಿರುವುದಾಗಿಯೂ, ಉತ್ತರ ಅಮೆರಿಕ ಮೂಲದ ನಿಮ್ಮ ಗಾರ್ಟರ್ ಹಾವು ನೀರಿನ ಬೋಗುಣಿಯನ್ನು ಬಿಟ್ಟು ಏಳುತ್ತಿಲ್ಲವೆಂದೂ ಬರೆದಿದ್ದೀರಿ. ಪೊರೆ ಬಿಡುವ ಮುನ್ನ ಅಥವಾ ಉಣ್ಣಿ ಹತ್ತಿದಾಗಲೂ ಹಾವು ನೀರಿನಲ್ಲಿ ಮಲಗುವುದುಂಟು. ಆದರೂ ನೀವು ವಿವರಿಸಿದ್ದನ್ನು ನೋಡಿದರೆ ಶಾಖ ಹೆಚ್ಚಾಗಿದೆಯೆಂದೇ ನನಗೆ ತೋರುತ್ತದೆ.

ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ 21ರಿಂದ 24 ಡಿಗ್ರಿ ಇದ್ದರೆ ಸಾಕು. ಕೆನಡಾದ ಮ್ಯಾನಿಟೋಬಾದಲ್ಲಿ ಹಿಮಗಾಲವನ್ನು ಸುಣ್ಣಕಲ್ಲಿನ ಬಿರುಕುಗಳೊಳಗೆ ಕಳೆಯುವ ಈ ಹಾವಿಗೆ, ತಂಪಿನ ಕಡೆಗೆ ಸರಿಯಲು ದಾರಿಯಿಲ್ಲದಿರುವುದೇ ದೊಡ್ಡ ಅಪಾಯ. ಆದ್ದರಿಂದ ಕೋಣೆಯೇ 32 ಡಿಗ್ರಿ ಇರುವ ದಿನಗಳಲ್ಲಿ ಬಲ್ಬನ್ನು ಪೂರ್ತಿ ಆರಿಸಿ, ಪೆಟ್ಟಿಗೆಯನ್ನು ಸಂಜೆಬಿಸಿಲು ಹೊಡೆಯುವ ಪಡುಗೋಡೆಯಿಂದ ದೂರಕ್ಕೆ ಸರಿಸಿ ನೆಲದ ಮೇಲಿಡಿ. ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಒಂದು ತುದಿಯ ಗಾಜಿಗೆ ಹೊರಗಿನಿಂದ ತಾಗಿಸಿಡಿ.

ಜುಲೈಯ ಜಡಿಮಳೆಯಲ್ಲಿ ಕೋಣೆ 25 ಡಿಗ್ರಿಗೆ ಇಳಿದಾಗ ಬಲ್ಬು ಬೇಕಾದೀತು. ಅದನ್ನು ಜಾಲರಿಯ ಹೊರಗೇ ತೂಗುಹಾಕಿ, ಶಾಖ ಹೆಚ್ಚಾದರೆ ತಾನಾಗಿ ಬಲ್ಬನ್ನು ಆರಿಸುವ ಥರ್ಮೋಸ್ಟಾಟ್ ಜೋಡಿಸಿ, ಕೆಳಗೆ ಮಾಡಿನ ಹಳೆಯ ಹಂಚಿನ ತುಂಡೊಂದನ್ನಿಡಿ. ಗಾಜಿಗೆ ಅಂಟಿಸುವ ಮಾಪಕವು ಹಂಚಿನ ಮೇಲ್ಮೈಯ ಬಿಸಿಯನ್ನು ತೋರಿಸುವುದಿಲ್ಲವಾದ್ದರಿಂದ ಇನ್‌ಫ್ರಾರೆಡ್ ಥರ್ಮಾಮೀಟರನ್ನೇ ಬಳಸಿ. ರಾತ್ರಿ ಬಲ್ಬು ಬೇಡ. ಒಳಗಿಡುವ ವಿದ್ಯುತ್ ಬಿಸಿಗಲ್ಲು ಹಾವಿನ ಹೊಟ್ಟೆಯನ್ನು ಸುಡಬಹುದು, ಅಂಗಡಿಯವರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ.

ಜೊತೆಗೆ ತೋಡಿನ ನೀರೊಳ್ಳೆಯನ್ನೂ ಹಿಡಿದು ಸಾಕಬಹುದೇ ಎಂದು ಕೇಳಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.