ಮಲಪ್ರಭೆಯ ದಂಡೆಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರುವ ರಜೆಯಲ್ಲಿ ಮನೆಮಂದಿಯೆಲ್ಲ ಎರಡು ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿ ಬರಬೇಕೆಂದಿದ್ದೇವೆ. ಬಾದಾಮಿಯಲ್ಲಿಯೂ ಐಹೊಳೆಯಲ್ಲಿಯೂ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿವೆಯೆಂದು ತಿಳಿಯಿತು. ಹೊರಗೆ ಅಷ್ಟೊಂದು ಗುಡಿಗಳಿರುವಾಗ ಒಳಗಿಟ್ಟ ಒಡೆದ ಮೂರ್ತಿಗಳನ್ನು ನೋಡುತ್ತ ಏಕೆ ಹೊತ್ತು ಕಳೆಯಬೇಕು ಎಂದು ಎಂಟನೆಯ ತರಗತಿಯ ನಮ್ಮ ಮಗಳು ಕೇಳುತ್ತಿದ್ದಾಳೆ. ನೋಡುವುದೇ ಆದರೆ ಗುಡಿ ಮೊದಲೋ, ವಸ್ತುಸಂಗ್ರಹಾಲಯ ಮೊದಲೋ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ತನ್ನ ಜಾಗವನ್ನು ಬಿಟ್ಟು ಬಂದ ಕಲ್ಲು. ಅದು ಯಾವ ಗೋಡೆಯಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದು ಗೊತ್ತಿಲ್ಲದೆ ನೋಡಿದರೆ ಯಾರಿಗಾದರೂ ಬೇಸರವೇ ಆಗುತ್ತದೆ. ಆದ್ದರಿಂದ ಬಾದಾಮಿಯಲ್ಲಿ ಗುಹೆಗಳನ್ನು ಮೊದಲು ನೋಡಿ, ಐಹೊಳೆಯಲ್ಲಿ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ. ಎರಡು ಊರಿಗೆ ಎರಡು ಕ್ರಮ ಏಕೆ ಎಂಬುದನ್ನು ವಿವರಿಸುತ್ತೇನೆ.

ಬಾದಾಮಿಯಲ್ಲಿ ನಾಲ್ಕು ಗುಹಾಲಯಗಳೂ ದಕ್ಷಿಣದ ಗುಡ್ಡದಲ್ಲಿವೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಮೆಟ್ಟಿಲು ಹತ್ತಿ, ಮೂರನೆಯ ಗುಹೆಗೆ ಹೆಚ್ಚು ಹೊತ್ತು ಕೊಡಿ. ಇದು ಶಕ ವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶನು ಮಾಡಿಸಿದ ವಿಷ್ಣುಗೃಹವೆಂದು ಅಲ್ಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅದೇ ಗುಹೆಯ ಬಳಿ ಮಂಗಲೇಶನ ಚಿಕ್ಕದೊಂದು ಕನ್ನಡ ಶಾಸನವೂ ಇದೆ. ದೇವರಿಗೆ ಹೂಮಾಲೆ ಕಟ್ಟುವವರನ್ನು ನೆನೆದು ಲಂಜಿಗೇಸರವೆಂಬ ಊರನ್ನು ದತ್ತಿ ಬಿಟ್ಟ ಆ ಶಾಸನವು ಈ ಭವ್ಯವಾದ ಗುಹಾಲಯವನ್ನು ಬರೀ ‘ಕಲ್ಮನೆ’ ಎಂದು ಕರೆಯುತ್ತದೆ. ನಾವು ಗುಹಾಂತರ್ದೇವಾಲಯ ಎಂದು ಉದ್ದುದ್ದ ಬರೆಯುವುದನ್ನು ಅಂದಿನವರು ಮೂರೂವರೆ ಅಕ್ಷರಗಳಲ್ಲಿ ಮುಗಿಸಿದ್ದಾರೆ. ಮಗಳಿಗೆ ಇದೊಂದು ಮಾತನ್ನು ತಪ್ಪದೆ ಹೇಳಿ.

ಗುಹೆಗಳಿಂದ ಇಳಿದ ಮೇಲೆ ಅಗಸ್ತ್ಯತೀರ್ಥವೆಂಬ ಕೆರೆಯ ಬದಿಯ ಓಣಿಗಳನ್ನು ಹಾಯ್ದು ಉತ್ತರದ ಗುಡ್ಡದ ಬುಡಕ್ಕೆ ನಡೆದು ಹೋದರೆ ವಸ್ತುಸಂಗ್ರಹಾಲಯ ಸಿಗುತ್ತದೆ. ಈ ನಡಿಗೆಯನ್ನು ವಾಹನದಲ್ಲಿ ಕಳೆದುಕೊಳ್ಳಬೇಡಿ. ಕೆರೆಯ ಆಚೆಯಿಂದ ತಿರುಗಿ ನೋಡಿದಾಗಲೇ ಗುಹೆಗಳು ಕಲ್ಲಿನ ಗೋಡೆಯಲ್ಲಿ ಎಷ್ಟು ಎತ್ತರದಲ್ಲಿವೆ ಎಂಬುದು ತಿಳಿಯುವುದು. ಒಳಗೆ ಎಲ್ಲವನ್ನೂ ನೋಡಬೇಕೆಂಬ ಹಟ ಬೇಡ, ಎರಡನ್ನು ಮಾತ್ರ ನಿಧಾನವಾಗಿ ನೋಡಿದರೆ ಸಾಕು. ಮೊದಲನೆಯದು ಇತಿಹಾಸಪೂರ್ವ ಕಾಲದ ವಿಭಾಗ. ಶಿಡ್ಲಫಡಿ ಎಂಬ ಕಲ್ಲಾಸರೆಯ ಮಾದರಿಯನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಆದಿಮಾನವನ ಕಲ್ಲಿನ ಆಯುಧಗಳನ್ನು ಇಟ್ಟಿದ್ದಾರೆ. ಬಾದಾಮಿಯೆಂದರೆ ಚಾಲುಕ್ಯರಿಂದ ಆರಂಭವೆಂದೇ ನಾವು ಪಾಠ ಓದಿರುತ್ತೇವೆ. ಆದರೆ ಇದೇ ತಾಲೂಕಿನ ಖ್ಯಾಡದ ಸುತ್ತಮುತ್ತ ಮಲಪ್ರಭೆಯ ದಂಡೆಯಲ್ಲಿ ಹಳೆಯ ಶಿಲಾಯುಗದ ಉಪಕರಣಗಳು ಸಿಕ್ಕಿವೆ. ಪುಲಕೇಶಿ ಬರುವುದಕ್ಕಿಂತ ಎಷ್ಟೋ ಸಾವಿರ ವರ್ಷಗಳ ಮೊದಲೇ ಈ ಹೊಳೆ ಜನರನ್ನು ಸಾಕಿತ್ತು ಎಂಬುದು ಹೊರಗಿನ ಯಾವ ಗುಡಿಯಲ್ಲಿಯೂ ಕಾಣದು, ಈ ಕೋಣೆಯಲ್ಲಿ ಮಾತ್ರ ಕಾಣುತ್ತದೆ.

ಎರಡನೆಯದು ನಾಗನಾಥಕೊಳ್ಳದ ಗುಡಿಯಿಂದ ತಂದ ಲಜ್ಜಾಗೌರಿ. ತಲೆಯಿರಬೇಕಾದ ಜಾಗದಲ್ಲಿ ಅರಳಿದ ಕಮಲ, ಮಡಚಿ ಅಗಲಿಸಿದ ಕಾಲುಗಳು, ಮೈಮೇಲೆ ಒಡವೆ. ಮಕ್ಕಳೊಂದಿಗೆ ಬಂದ ತಂದೆತಾಯಂದಿರು ಮುಜುಗರಪಟ್ಟು ಇದರ ಮುಂದಿನಿಂದ ಬೇಗಬೇಗ ಹೆಜ್ಜೆ ಹಾಕುವುದನ್ನು ಕಂಡಿದ್ದೇನೆ. ಹಾಗೆ ಮಾಡಬಾರದು. ಹೆರಿಗೆಯನ್ನೂ ಬೆಳೆಯನ್ನೂ ಒಂದೇ ಶಕ್ತಿಯೆಂದು ಕಂಡ ಜನರ ದೇವಿ ಇವಳು, ಮಕ್ಕಳಾಗಲೆಂದು ಪೂಜೆಗೊಂಡವಳು ಎಂದು ನೇರವಾಗಿ ಹೇಳಿದರೆ ಎಂಟನೆಯ ತರಗತಿಯ ಹುಡುಗಿಗೆ ಅರ್ಥವಾಗುತ್ತದೆ.

ಇನ್ನು ಐಹೊಳೆ. ಅಲ್ಲಿ ನೂರಕ್ಕೂ ಮಿಕ್ಕಿ ಗುಡಿಗಳು ಊರೊಳಗೆ, ಹೊಲದ ನಡುವೆ, ಗುಡ್ಡದ ಮೇಲೆ ಚೆದರಿಕೊಂಡಿರುವುದರಿಂದ ಹೊಸಬರಿಗೆ ದಿಕ್ಕು ತಪ್ಪುತ್ತದೆ. ದುರ್ಗದ ಗುಡಿಯ ಆವರಣದಲ್ಲೇ ಇರುವ ವಸ್ತುಸಂಗ್ರಹಾಲಯದಲ್ಲಿ ಇಡೀ ಐಹೊಳೆಯ ಪರಿಸರವನ್ನು ಚಿಕ್ಕದಾಗಿ ಮಾಡಿಟ್ಟ ಮಾದರಿಯೊಂದಿದೆ. ಮೊದಲು ಅದನ್ನು ನೋಡಿ ಯಾವ ಗುಡಿ ಎಲ್ಲಿದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡರೆ ಆಮೇಲಿನ ಅಲೆದಾಟ ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ ಅಲ್ಲಿರುವ ಅಂಬಿಕೆಯ ಮೂರ್ತಿಯನ್ನು ನೋಡಿ ಮರೆಯದೆ ನೆನಪಿನಲ್ಲಿಟ್ಟುಕೊಳ್ಳಿ. ಈ ಜೈನ ಯಕ್ಷಿ ಊರ ಗುಡ್ಡದ ಮೇಲಿರುವ ಮೇಗುಟಿಯೆಂಬ ಜೈನ ಗುಡಿಯಿಂದ ಬಂದವಳು. ಬಳಿಕ ಮೇಗುಟಿ ಗುಡ್ಡ ಹತ್ತಿ, ಗುಡಿಯ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನದ ಮುಂದೆ ನಿಲ್ಲಿ. ಕ್ರಿ.ಶ. 634ರ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ ಸಂಗತಿಯಿದೆ. ಜೊತೆಗೆ ಕವಿಯು ತನ್ನ ಕೀರ್ತಿ ಕಾಳಿದಾಸ ಭಾರವಿಯರಿಗೆ ಸಮವೆಂದು ತಾನೇ ಹೇಳಿಕೊಂಡಿದ್ದಾನೆ. ಅವನ ಜಂಬದಿಂದ ನಮಗೆ ಲಾಭವೇ ಆಯಿತು, ಏಕೆಂದರೆ ಕಾಳಿದಾಸನು 634ಕ್ಕಿಂತ ಹಿಂದಿನವನೆಂದು ವಿದ್ವಾಂಸರು ಖಚಿತವಾಗಿ ಹೇಳುವುದಕ್ಕೆ ಈ ಸಾಲೂ ಒಂದು ಆಧಾರ. ಕೆಳಗೆ ನೋಡಿದ ಅಂಬಿಕೆಯನ್ನು ಮೇಲಿನ ಗುಡಿಯೊಳಗೆ ಮನಸ್ಸಿನಲ್ಲೇ ತಂದು ಕೂರಿಸುವ ಕೆಲಸವನ್ನು ಮಗಳಿಗೆ ವಹಿಸಿ.

ಪಟ್ಟದಕಲ್ಲು ಇವೆರಡರ ನಡುವೆ ಬರುತ್ತದೆ: ಬಾದಾಮಿಯಿಂದ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಸುಮಾರು 13 ಕಿ.ಮೀ. ಇಲ್ಲಿ ಗುಡಿಗಳೇ ಸಾಕಷ್ಟು ಮಾತಾಡುತ್ತವೆ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಗುಡಿಯ ಮುಂದೆ ಹೊಳೆಯತ್ತ ಒಮ್ಮೆ ಹೋಗಿ ಬನ್ನಿ. ಪೂರ್ವಕ್ಕೆ ಹರಿಯುವ ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಉತ್ತರವಾಹಿನಿಯ ದಂಡೆ ಪವಿತ್ರವೆಂಬ ನಂಬಿಕೆಗೂ ಅರಸರ ಪಟ್ಟಾಭಿಷೇಕಕ್ಕೆ ಈ ಜಾಗ ಹೆಸರಾದುದಕ್ಕೂ ನಂಟಿದೆ.

ಪ್ರಶ್ನೆ: ದುರ್ಗದ ಗುಡಿಯಲ್ಲಿ ದುರ್ಗೆಯ ಪೂಜೆ ಏಕಿಲ್ಲ? ಲಾಡಖಾನ್ ಎಂಬುದು ಹಿಂದೂ ಗುಡಿಯ ಹೆಸರು ಹೇಗಾಯಿತು?
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಇಲ್ಲಿ ‘ದುರ್ಗ’ ಎಂದರೆ ಕೋಟೆ. ಗುಡಿಗೆ ಹೊಂದಿಕೊಂಡು ಹಿಂದೆ ಕೋಟೆಗೋಡೆ ಇದ್ದುದರಿಂದ ಆ ಹೆಸರು ಬಂದಿತೇ ಹೊರತು ದೇವಿಯಿಂದಲ್ಲ. ಹಿಂಬದಿ ಗುಂಡಾಗಿರುವ ಗಜಪೃಷ್ಠಾಕೃತಿಯ ಈ ಕಟ್ಟಡದ ಹೊರಗೋಡೆಯಲ್ಲಿ ಮಹಿಷಮರ್ದಿನಿಯ ಶಿಲ್ಪವಿರುವುದು ಗೊಂದಲವನ್ನು ಹೆಚ್ಚಿಸಿದೆ, ಅಷ್ಟೆ. ಲಾಡಖಾನ್ ಎಂಬವನು ಆ ಗುಡಿಯಲ್ಲಿ ವಾಸವಾಗಿದ್ದವನು. ಪೂಜೆ ನಿಂತ ಗುಡಿಗಳಲ್ಲಿ ಜನ ಸಂಸಾರ ಹೂಡಿದರು, ದನ ಕಟ್ಟಿದರು, ಇದ್ದವರ ಹೆಸರೇ ಗುಡಿಗೂ ನಿಂತಿತು. ಊರಿನ ಹೆಸರಿಗೂ ಕತೆಯಿದೆ. ಪರಶುರಾಮನು ಕೊಡಲಿ ತೊಳೆದಾಗ ಕೆಂಪಾದ ನೀರನ್ನು ಕಂಡ ಹೆಂಗಸು ‘ಅಯ್ಯೋ ಹೊಳೆ’ ಎಂದಳಂತೆ. ಕತೆ ಸೊಗಸಾಗಿದೆ, ಆದರೆ ಶಾಸನಗಳಲ್ಲಿ ಊರು ಅಯ್ಯಾವೊಳೆ, ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ಮಾಡಿದ ‘ಐನೂರ್ವರು’ ಎಂಬ ವರ್ತಕ ಸಂಘದ ತವರು. ಗೈಡ್ ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ನೀವೇ ಕೇಳಬೇಕು.

ಪ್ರಶ್ನೆ: ಬಾದಾಮಿ ಬಳಿಯ ಮಹಾಕೂಟದಲ್ಲಿ ಮಂಗಲೇಶನ ಶಾಸನದ ಕಂಬವನ್ನು ನೋಡಲೆಂದೇ ಹೋಗಿದ್ದೆವು. ಕೊಳ, ಗುಡಿಗಳು ಎಲ್ಲವೂ ಇದ್ದವು, ಕಂಬ ಮಾತ್ರ ಕಾಣಲಿಲ್ಲ.
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಕಂಬ ಈಗ ವಿಜಯಪುರದಲ್ಲಿದೆ, ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ. ಚಾಲುಕ್ಯರ ವಂಶಾವಳಿಯನ್ನೂ ಗೆಲುವುಗಳನ್ನೂ ಹೇಳುವ ಆ ಧರ್ಮಜಯಸ್ತಂಭ ಮಹಾಕೂಟದ್ದೇ ಆದರೂ ಶಾಸನ ನೋಡಬೇಕೆಂದರೆ ಜಿಲ್ಲೆ ದಾಟಿ ಹೋಗಬೇಕು. ಮಳೆಗಾಳಿಯಿಂದ ಅಕ್ಷರ ಉಳಿಯಬೇಕಾದರೆ ಕಲ್ಲನ್ನು ಒಳಗಿಡುವುದು ಸರಿಯೇ. ಆದರೆ ಕಂಬವಿದ್ದ ಜಾಗದಲ್ಲಿ ಅದು ಎಲ್ಲಿಗೆ ಹೋಯಿತೆಂದು ಎದ್ದು ಕಾಣುವಂತೆ ಒಂದು ಫಲಕವಿದ್ದರೆ ನಿಮ್ಮಂಥವರು ಕೊಳದ ಸುತ್ತ ಹುಡುಕಾಡುವುದು ತಪ್ಪುತ್ತದೆ ಎಂದು ನನಗೂ ಅನ್ನಿಸುತ್ತದೆ.

ಪ್ರಶ್ನೆ: ಯಾವ ತಿಂಗಳಲ್ಲಿ, ಯಾವ ವಾರ ಹೋಗಬಾರದು?
— ಓದುಗರೊಬ್ಬರು, ತುಮಕೂರು

ಉತ್ತರ: ಶುಕ್ರವಾರ ಹೋಗಬಾರದು. ಬಾದಾಮಿ ಮತ್ತು ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಅಂದು ವಾರದ ರಜೆ. ಗುಹೆಗಳೂ ಗುಡಿಗಳೂ ತೆರೆದಿರುವುದರಿಂದ ಎಲ್ಲವೂ ತೆರೆದಿರುತ್ತದೆ ಎಂದುಕೊಂಡು ಹೋಗಿ, ಬೀಗ ನೋಡಿಕೊಂಡು ಮರಳಿದವರಲ್ಲಿ ನಾನೂ ಒಬ್ಬ. ಮೇಲ್ದಂಡೆಯ ಕಿತ್ತೂರಿನ ಕೋಟೆಯನ್ನೂ ಸೇರಿಸಿಕೊಳ್ಳುವುದಾದರೆ, ಅಲ್ಲಿನ ವಸ್ತುಸಂಗ್ರಹಾಲಯವು ರಾಜ್ಯ ಇಲಾಖೆಗೆ ಸೇರಿದ್ದು, ಅದಕ್ಕೂ ಶುಕ್ರವಾರವೇ ರಜೆಯೆಂದು ಭಾವಿಸದೆ ವಿಚಾರಿಸಿಕೊಂಡು ಹೊರಡಿ.

ತಿಂಗಳ ವಿಚಾರಕ್ಕೆ ಬಂದರೆ, ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ಮರಳುಗಲ್ಲಿನ ಮೇಲೆ ಬರಿಗಾಲು ಇಡಲಾಗದು. ಮಳೆಗಾಲದಲ್ಲಿ ಬಾದಾಮಿಯ ಕೆರೆ ತುಂಬಿ ನೋಡಲು ಚೆಂದ, ಆದರೆ ಹೊಳೆಯ ಸುದ್ದಿಯನ್ನು ಕೇಳಿಕೊಂಡು ಹೋಗಬೇಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಘಟ್ಟದ ಮಳೆಯೇ ಮೂಲವಾದ್ದರಿಂದ ಬಾದಾಮಿಯಲ್ಲಿ ಹನಿ ಬೀಳದಿದ್ದರೂ ಮೇಲೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ದಂಡೆ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಜನವರಿಯ ಬನದ ಹುಣ್ಣಿಮೆಗೆ ಸಮೀಪದಲ್ಲೇ ಬನಶಂಕರಿಯ ತೇರು ಎಳೆಯುವುದರಿಂದ ಆ ದಿನಗಳಲ್ಲಿ ಬಾದಾಮಿಯಲ್ಲಿ ಇಳಿದುಕೊಳ್ಳಲು ಕೋಣೆ ಸಿಗುವುದು ಕಷ್ಟ. ಜಾತ್ರೆ ನೋಡುವ ಆಸೆಯಿದ್ದರೆ ಮೊದಲೇ ಕಾಯ್ದಿರಿಸಿ, ಇಲ್ಲವಾದರೆ ಎರಡು ವಾರ ಮುಂದಕ್ಕೆ ಹಾಕಿಕೊಳ್ಳಿ. ಗುಹೆಗಳಿಗೆ ಹೋಗುವಾಗ ತಿಂಡಿಯ ಪೊಟ್ಟಣ ಕೈಯಲ್ಲಿ ಕಾಣದಿರಲಿ, ಅಲ್ಲಿನ ಮಂಗಗಳು ಕೇಳಿ ತೆಗೆದುಕೊಳ್ಳುವ ಪೈಕಿಯಲ್ಲ.